ನೌಕರಿ ಬಿಟ್ಟವರ ಲಾಗಿನ್ ಯಾರು ಮುಚ್ಚಬೇಕು?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಒಂದು ಕಚೇರಿಗೆ ಹೊಸಬರು ಸೇರಿದ ದಿನ ಎರಡು ಕೆಲಸ ಆಗಬೇಕು. ಮೊದಲನೆಯದು, ಅವರ ಹೆಸರು, ಹುದ್ದೆ, ಸಂಬಳ, ಸೇರಿದ ದಿನಾಂಕ ಇವನ್ನು ಸಿಬ್ಬಂದಿ ದಾಖಲೆಯಲ್ಲಿ ಬರೆಯುವುದು. ಎರಡನೆಯದು, ಕಂಪ್ಯೂಟರಿನಲ್ಲಿ ಕೆಲಸ ಮಾಡಲು ಅವರಿಗೆ ಯೂಸರ್ ಐಡಿ ಮತ್ತು ಪಾಸ್‌ವರ್ಡ್ ಕೊಡುವುದು. ಮೊದಲನೆಯ ಕೆಲಸ ಸಿಬ್ಬಂದಿ ವಿಭಾಗದ್ದು, ಅಂದರೆ ಎಚ್‌ಆರ್ ವಿಭಾಗದ್ದು. ಎರಡನೆಯದು ಕಂಪ್ಯೂಟರ್ ನೋಡಿಕೊಳ್ಳುವವರದ್ದು. ಅದೇ ನೌಕರರು ಕೆಲಸ ಬಿಟ್ಟ ದಿನ ಇವೆರಡನ್ನೂ ತಿರುಗಿಸಬೇಕು: ದಾಖಲೆಯಲ್ಲಿ ಬಿಟ್ಟ ದಿನಾಂಕ ಬರೆಯಬೇಕು, ಯೂಸರ್ ಐಡಿ ಮುಚ್ಚಬೇಕು.

ಸೇರುವಾಗ ಐಡಿ ಕೊಡುವುದು ತಡವಾದರೆ ಹೊಸಬರೇ ದಿನಾ ಬಂದು ಕೇಳುತ್ತಾರೆ, ಏಕೆಂದರೆ ಅದಿಲ್ಲದೆ ಅವರ ಕೆಲಸ ನಡೆಯುವುದಿಲ್ಲ. ಆದರೆ ಬಿಟ್ಟು ಹೋಗುವಾಗ "ನನ್ನ ಐಡಿ ಮುಚ್ಚಿರಿ" ಎಂದು ಯಾರೂ ಕೇಳುವುದಿಲ್ಲ. ಸಂಬಳ ನಿಲ್ಲಿಸುವುದನ್ನು ಯಾವ ಕಚೇರಿಯೂ ಮರೆಯುವುದಿಲ್ಲ, ಏಕೆಂದರೆ ಅದರಲ್ಲಿ ದುಡ್ಡಿದೆ. ಲಾಗಿನ್ ಮುಚ್ಚುವುದು ಮಾತ್ರ ಮರೆತುಹೋಗುತ್ತದೆ. ಹೀಗೆ ಉಳಿದ ಖಾತೆಗಳಿಂದ ಏನಾಗುತ್ತದೆ, ಸಂಬಳದ ದಾಖಲೆಗೂ ಲಾಗಿನ್‌ಗೂ ಗಂಟು ಹಾಕಿ ಇದನ್ನು ತಾನಾಗಿಯೇ ನಡೆಯುವಂತೆ ಮಾಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಇದು ಕಂಪ್ಯೂಟರ್ ಸೈನ್ಸ್‌ನವರ ವಿಷಯ ಎಂದು ನಮ್ಮ ಕಾಮರ್ಸ್ ಗೆಳೆಯರು ಪುಟ ತಿರುಗಿಸಬೇಡಿ. ಓದುತ್ತಾ ಹೋದಂತೆ ಇದು ನಮ್ಮದೇ ಅಕೌಂಟೆನ್ಸಿ ಎಂದು ನಿಮಗೂ ಅನಿಸುತ್ತದೆ.

ಎಚ್‌ಆರ್ ಸಾಫ್ಟ್‌ವೇರ್ ಎಂದರೇನು?

ನಮ್ಮ ಮನೆಗಳಲ್ಲಿ ಯಾರಾದರೂ ಸರ್ಕಾರಿ ಶಿಕ್ಷಕರೋ, ಆಸ್ಪತ್ರೆಯ ನರ್ಸೋ, ತಾಲ್ಲೂಕು ಕಚೇರಿಯ ಗುಮಾಸ್ತರೋ ಇದ್ದರೆ "ಎಚ್‌ಆರ್‌ಎಂಎಸ್‌ನಲ್ಲಿ ಬಿಲ್ ಆಗಿದೆಯಾ?" ಎಂಬ ಮಾತು ತಿಂಗಳ ಕೊನೆಗೆ ಕಿವಿಗೆ ಬಿದ್ದಿರುತ್ತದೆ. ಕರ್ನಾಟಕ ಸರ್ಕಾರದ ನೌಕರರ ಸಂಬಳದ ಬಿಲ್ ತಯಾರಾಗುವುದು ಈ ತಂತ್ರಾಂಶದಲ್ಲಿ. ಪ್ರತಿ ಕಚೇರಿಗೂ ಹಣ ಸೆಳೆದು ಬಟವಾಡೆ ಮಾಡುವ ಒಬ್ಬ ಅಧಿಕಾರಿ ಇರುತ್ತಾರೆ, ಅವರನ್ನು ಎಲ್ಲರೂ ಡಿಡಿಓ ಎಂದೇ ಕರೆಯುತ್ತಾರೆ. ಡಿಡಿಓ ತಮ್ಮ ಕಚೇರಿಯ ನೌಕರರ ಬಿಲ್ ತಯಾರಿಸುತ್ತಾರೆ, ಅದು ಖಜಾನೆ-2 ಎಂಬ ಇನ್ನೊಂದು ತಂತ್ರಾಂಶಕ್ಕೆ ಹೋಗುತ್ತದೆ, ಅಲ್ಲಿಂದ ಹಣ ನೌಕರರ ಬ್ಯಾಂಕ್ ಖಾತೆಗೆ ಬರುತ್ತದೆ.

ಒಬ್ಬ ನೌಕರರಿಗೆ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ವರ್ಗಾವಣೆ ಆಯಿತು ಎನ್ನಿ. ರಾಣೆಬೆನ್ನೂರಿನ ಡಿಡಿಓ ಅವರನ್ನು ಎಚ್‌ಆರ್‌ಎಂಎಸ್‌ನಲ್ಲಿ ರಿಲೀವ್ ಮಾಡಬೇಕು, ಬ್ಯಾಡಗಿಯ ಡಿಡಿಓ ಸೇರಿಸಿಕೊಳ್ಳಬೇಕು. ಇವೆರಡೂ ಆಗುವವರೆಗೆ ಹೊಸ ಊರಿನಲ್ಲಿ ಸಂಬಳದ ಬಿಲ್ ಆಗುವುದಿಲ್ಲ. ಆದ್ದರಿಂದ ಯಾರು ಎಲ್ಲಿದ್ದಾರೆ ಎಂಬುದಕ್ಕೆ ಇದಕ್ಕಿಂತ ನಂಬಿಕೆಯ ದಾಖಲೆ ಕಚೇರಿಯಲ್ಲಿ ಬೇರೆ ಸಿಗುವುದು ಕಷ್ಟ. ತಪ್ಪಿದ್ದರೆ ನೌಕರರೇ ಮೊದಲು ಎದ್ದು ಕೇಳುತ್ತಾರೆ. ಖಾಸಗಿ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಬೇರೆ ಬೇರೆ ಎಚ್‌ಆರ್ ಸಾಫ್ಟ್‌ವೇರ್‌ಗಳಿವೆ. ಹೆಸರು ಯಾವುದಿದ್ದರೂ ಒಳಗಿರುವುದು ಒಂದೇ: ಯಾರು, ಯಾವ ಹುದ್ದೆ, ಯಾವ ಶಾಖೆ, ಮೇಲಧಿಕಾರಿ ಯಾರು, ಎಂದಿನಿಂದ ಎಂದಿನವರೆಗೆ.

ನೆಟ್‌ವರ್ಕ್ ಖಾತೆ ಎಂದರೇನು?

ಒಂದು ಕಚೇರಿಯಲ್ಲಿ ಐವತ್ತು ಕಂಪ್ಯೂಟರ್ ಇದ್ದರೆ ಐವತ್ತರಲ್ಲೂ ಬೇರೆ ಬೇರೆ ಪಾಸ್‌ವರ್ಡ್ ಇಡಲು ಆಗುವುದಿಲ್ಲ. ಅದಕ್ಕಾಗಿ ಎಲ್ಲ ಬಳಕೆದಾರರ ಪಟ್ಟಿಯನ್ನು ಒಂದೇ ಕಡೆ ಇಡುತ್ತಾರೆ. ಇದಕ್ಕೆ ಡೈರೆಕ್ಟರಿ ಎನ್ನುತ್ತಾರೆ. ನೀವು ಯಾವ ಕಂಪ್ಯೂಟರಿನಲ್ಲಿ ಕೂತು ಹೆಸರು ಹಾಕಿದರೂ ಅದು ಡೈರೆಕ್ಟರಿಯನ್ನು ಕೇಳುತ್ತದೆ: ಇವರು ನಮ್ಮವರೇ? ಯಾವ ಫೋಲ್ಡರ್ ತೆರೆಯಬಹುದು? ಬಿಲ್ ಬರೆಯಬಹುದೇ, ಬರೀ ನೋಡಬಹುದೇ? ಇಂಥ ಪಟ್ಟಿಯನ್ನು ದೂರದಿಂದ ಕೇಳುವ ಎಲ್‌ಡ್ಯಾಪ್ ಎಂಬ ಪದ್ಧತಿ 1990ರ ದಶಕದ ಆರಂಭದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬೆಳೆಯಿತು. 2000ದಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ 2000 ಜೊತೆ ಆ್ಯಕ್ಟಿವ್ ಡೈರೆಕ್ಟರಿ ತಂದಿತು. ಇಂದಿಗೂ ಬಹಳಷ್ಟು ಕಂಪನಿಗಳಲ್ಲಿ ಬಾಗಿಲು ಕಾಯುವುದು ಅದೇ.

ನಮ್ಮ ರಾಜ್ಯದಲ್ಲಿ "ಯಾರು ಲಾಗಿನ್ ಆದರು" ಎಂಬ ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ಭೂಮಿ ಯೋಜನೆ ಒಳ್ಳೆಯ ಉದಾಹರಣೆ. 2000ದ ಸುಮಾರಿಗೆ ರೈತರ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದಾಗ ತಾಲ್ಲೂಕು ಕಚೇರಿಯ ನೌಕರರಿಗೆ ಪಾಸ್‌ವರ್ಡ್ ಮಾತ್ರ ಸಾಲದು ಎಂದು ಬೆರಳಚ್ಚು ಇಟ್ಟು ಒಳಹೋಗುವ ವ್ಯವಸ್ಥೆ ಮಾಡಿದರು. ಪಹಣಿಯಲ್ಲಿ ಒಂದು ಹೆಸರು ಬದಲಾದರೆ ಒಂದು ಕುಟುಂಬದ ಹೊಲ ಹೋಗಬಹುದು. ಹಾಗಾಗಿ ಬದಲಾಯಿಸಿದ ಕೈ ಯಾರದು ಎಂದು ಖಚಿತವಾಗಿ ಗೊತ್ತಿರಬೇಕು. ಪಾಸ್‌ವರ್ಡ್ ಅನ್ನು ಚೀಟಿಯಲ್ಲಿ ಬರೆದು ಪಕ್ಕದವರಿಗೆ ಕೊಡಬಹುದು, ಬೆರಳನ್ನು ಕೊಡಲಾಗುವುದಿಲ್ಲ.

ಕಿರ್ದಿ ಮತ್ತು ಖತಾವಣಿ

ನಮ್ಮ ಅಬ್ಬಾ ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರು ಯಾವಾಗಲೂ ಹೇಳುವ ಮಾತು ಒಂದೇ: ಕಿರ್ದಿಯಲ್ಲಿ ಇಲ್ಲದ್ದು ಖತಾವಣಿಯಲ್ಲಿ ಬರಬಾರದು. ನಾವು ಕಾಲೇಜಿನಲ್ಲಿ ಜರ್ನಲ್ ಮತ್ತು ಲೆಡ್ಜರ್ ಎಂದು ಕಲಿಯುವುದನ್ನೇ ಅವರು ಕಿರ್ದಿ, ಖತಾವಣಿ ಎನ್ನುತ್ತಾರೆ. ವ್ಯವಹಾರ ಮೊದಲು ಕಿರ್ದಿಯಲ್ಲಿ ದಾಖಲಾಗುತ್ತದೆ. ಅಲ್ಲಿಂದ ಆಯಾ ಖಾತೆಗೆ ಹೋಗುತ್ತದೆ. ಯಾರಾದರೂ ನೇರವಾಗಿ ಖತಾವಣಿಯಲ್ಲಿ ಒಂದು ಸಾಲು ಬರೆದರೆ ಅದಕ್ಕೆ ಆಧಾರವೇ ಇರುವುದಿಲ್ಲ.

ಎಚ್‌ಆರ್ ಸಾಫ್ಟ್‌ವೇರ್ ಮತ್ತು ಡೈರೆಕ್ಟರಿಯ ಜೋಡಣೆಯೂ ಇದೇ ನಿಯಮದ ಮೇಲೆ ನಿಂತಿದೆ. ಎಚ್‌ಆರ್ ದಾಖಲೆ ಕಿರ್ದಿ ಇದ್ದ ಹಾಗೆ, ನೆಟ್‌ವರ್ಕ್ ಖಾತೆಗಳು ಖತಾವಣಿ ಇದ್ದ ಹಾಗೆ. ನಡುವೆ ಒಂದು ತಂತ್ರಾಂಶ ಕೂತು ಕಿರ್ದಿಯಲ್ಲಿ ಆದ ಬದಲಾವಣೆಯನ್ನು ಖತಾವಣಿಗೆ ಪೋಸ್ಟಿಂಗ್ ಮಾಡುತ್ತಾ ಇರುತ್ತದೆ. ಅದು ನೋಡುವುದು ಮೂರು ಸಂಗತಿಗಳನ್ನು.

1. ಸೇರಿದವರು. ಎಚ್‌ಆರ್‌ನಲ್ಲಿ ಹೊಸ ಹೆಸರು, ಸೇರುವ ದಿನಾಂಕ ಬಂದ ಕೂಡಲೇ ಖಾತೆ ತಯಾರಾಗುತ್ತದೆ. ಹುದ್ದೆ ನೋಡಿ ಅಧಿಕಾರ ಸಿಗುತ್ತದೆ. ಗುಮಾಸ್ತರಾದರೆ ಬಿಲ್ ಬರೆಯುವ ಅಧಿಕಾರ, ಮ್ಯಾನೇಜರ್ ಆದರೆ ಮಂಜೂರು ಮಾಡುವ ಅಧಿಕಾರ. ಮೊದಲ ದಿನ ಬೆಳಿಗ್ಗೆ ಬಂದಾಗ ಎಲ್ಲವೂ ಸಿದ್ಧ.

2. ಬದಲಾದವರು. ವರ್ಗಾವಣೆ ಅಥವಾ ಬಡ್ತಿ ಆದರೆ ಹಳೆಯ ಅಧಿಕಾರ ಹಿಂದಕ್ಕೆ, ಹೊಸ ಅಧಿಕಾರ ಮುಂದಕ್ಕೆ.

3. ಬಿಟ್ಟವರು. ರಾಜೀನಾಮೆ, ನಿವೃತ್ತಿ, ಮರಣ, ವಜಾ ಯಾವುದೇ ಇರಲಿ, ಕೊನೆಯ ದಿನ ಮುಗಿದ ಕೂಡಲೇ ಖಾತೆ ಬಂದ್.

ಹಿಂದೆ ಪ್ರತಿ ಎರಡು ತಂತ್ರಾಂಶಗಳ ನಡುವೆ ಪ್ರತ್ಯೇಕ ಜೋಡಣೆ ಬರೆಯಬೇಕಿತ್ತು. ಇಮೇಲ್‌ಗೆ ಒಂದು, ಹಾಜರಿ ಯಂತ್ರಕ್ಕೆ ಒಂದು, ಬಿಲ್ಲಿಂಗ್‌ಗೆ ಇನ್ನೊಂದು. ಎಲ್ಲ ತಂತ್ರಾಂಶಗಳೂ "ಈ ಬಳಕೆದಾರನನ್ನು ಸೇರಿಸು, ಬದಲಿಸು, ನಿಲ್ಲಿಸು" ಎಂದು ಒಂದೇ ಭಾಷೆಯಲ್ಲಿ ಮಾತಾಡಲಿ ಎಂದು ಸ್ಕಿಮ್ ಎಂಬ ನಿಯಮಾವಳಿ ರೂಪಿಸಿದರು. ಅದರ ಎರಡನೆಯ ಆವೃತ್ತಿ 2015ರಲ್ಲಿ ಇಂಟರ್ನೆಟ್ ಮಾನದಂಡವಾಗಿ ಪ್ರಕಟವಾಯಿತು. ಊರೂರಿನ ಅಂಗಡಿಗಳಲ್ಲಿ ಬೇರೆ ಬೇರೆ ಸೇರು ಇದ್ದ ಕಾಲ ಹೋಗಿ ಎಲ್ಲರೂ ಕಿಲೋ ಒಪ್ಪಿಕೊಂಡ ಹಾಗೆ ಇದು.

ನಮಗೂ ಇದರ ಅನುಭವ ಇದೆ. ಹೈಸ್ಕೂಲಿನಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವಾಗ ಸ್ಯಾಟ್ಸ್ ನಂಬರ್ ಹಾಕಿದರೆ ನಮ್ಮ ಶಾಲೆ, ತರಗತಿ ತಾವಾಗಿಯೇ ಬಂದವು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದರೆ ಆ ವಿವರವೂ ಬಂತು. ಒಂದು ಕಡೆ ಇರುವ ದಾಖಲೆ ಇನ್ನೊಂದು ಕಡೆ ನಮ್ಮನ್ನು ಗುರುತಿಸುತ್ತದೆ ಎಂದರೆ ಇದೇ.

ಮನೆಗೇ ಬಂದ ಫೋನ್

ಈ ವಿಷಯವನ್ನು ನಾನು ಹುಡುಕಿ ಓದಲು ಕಾರಣ ನಮ್ಮ ಆಪಾ. ಅವಳು ಬಿ.ಕಾಂ. ಮುಗಿಸಿ ಒಂದು ಖಾಸಗಿ ಸಂಸ್ಥೆಯಲ್ಲಿ ಎರಡು ವರ್ಷ ಬಿಲ್ಲಿಂಗ್ ಕೆಲಸ ಮಾಡಿದಳು. ನಿಕಾಹ್ ಗೊತ್ತಾದ ಮೇಲೆ ಕೆಲಸ ಬಿಟ್ಟಳು. ಬಿಟ್ಟು ಏಳು ತಿಂಗಳಾದ ಮೇಲೆ ಅಲ್ಲಿಂದ ಫೋನ್ ಬಂತು. "ನಿಮ್ಮ ಐಡಿಯೊಳಗ ಮೂರು ಬಿಲ್ ರದ್ದಾಗ್ಯಾವ್ರಿ, ರೊಕ್ಕದ ಲೆಕ್ಕ ಹತ್ತವಲ್ದು. ಬಂದು ಸ್ವಲ್ಪ ಹೇಳ್ರಿ" ಎಂದರು.

ಆಪಾ ಆಗ ಗಂಡನ ಮನೆಯಲ್ಲಿದ್ದಳು. ಮದುವೆಯಾಗಿ ನಾಲ್ಕು ತಿಂಗಳು. ಹೊಸ ಮನೆಯಲ್ಲಿ ಇಂಥ ಫೋನ್ ಬಂದರೆ ಹೇಗಿರುತ್ತದೆ ಎಂದು ಯೋಚಿಸಿ. ಅಬ್ಬಾ ಅಂಗಡಿಗೆ ರಜೆ ಹಾಕಿ ಅವಳ ಜೊತೆ ಹೋದರು. ಅವಳನ್ನು ಉಳಿಸಿದ್ದು ಒಂದು ಕಾಗದ: ಕೆಲಸ ಬಿಟ್ಟ ದಿನ ಅಮ್ಮಿ ಒತ್ತಾಯ ಮಾಡಿ ತರಿಸಿ, ಮಾರ್ಕ್ಸ್ ಕಾರ್ಡುಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದ ರಿಲೀವಿಂಗ್ ಲೆಟರ್. ಅದರಲ್ಲಿ ದಿನಾಂಕ, ಸಹಿ, ಸೀಲು ಇತ್ತು. ಬಿಲ್ ರದ್ದಾದ ದಿನಾಂಕಗಳು ಅದಕ್ಕಿಂತ ಬಹಳ ನಂತರದವು. ಸಂಬಳದ ಪಟ್ಟಿಯಿಂದ ಆಪಾಳ ಹೆಸರು ಅದೇ ತಿಂಗಳು ತೆಗೆದಿದ್ದರು, ಆದರೆ ಬಿಲ್ಲಿಂಗ್ ಐಡಿ ಹಾಗೆಯೇ ಇತ್ತು. ಅವಳ ನಂತರ ಬಂದವರಿಗೆ ಹೊಸ ಐಡಿ ಕೊಡುವ ಬದಲು ಅದನ್ನೇ ಕೊಟ್ಟಿದ್ದರು. ನಂತರ ಅದು ಮೂರ್ನಾಲ್ಕು ಜನರಿಗೆ ಗೊತ್ತಾಗಿತ್ತು.

ಆಪಾ ಅಲ್ಲ ಎಂದು ಅವರೂ ಒಪ್ಪಿದರು. ಆದರೆ ಮಾಡಿದವರು ಯಾರು ಎಂದು ಕೊನೆಗೂ ಗೊತ್ತಾಗಲಿಲ್ಲ. ಒಂದೇ ಹೆಸರಿನಲ್ಲಿ ನಾಲ್ವರು ಕೆಲಸ ಮಾಡಿದರೆ ಕಂಪ್ಯೂಟರ್ ಹೇಳುವುದು ಆ ಒಂದೇ ಹೆಸರನ್ನು. ಅಬ್ಬಾ ಬಸ್ಸಿನಲ್ಲಿ ಬರುವಾಗ ಹೇಳಿದರಂತೆ, "ರೊಕ್ಕ ಹೋದರೆ ಬರ್ತದೆ, ನಿನ್ನ ಹೆಸರಿನಲ್ಲಿ ಬೇರೆಯವರು ಬರೆದರೆ ಅಳಿಸೋದು ಕಷ್ಟ." ಲಾಗಿನ್ ಮುಚ್ಚುವುದು ಕಂಪನಿಯ ಸುರಕ್ಷತೆಗಾಗಿ ಎಂದು ಪುಸ್ತಕಗಳು ಹೇಳುತ್ತವೆ. ಬಿಟ್ಟು ಹೋದ ನೌಕರರ ಸುರಕ್ಷತೆಗೂ ಅದು ಅಷ್ಟೇ ಬೇಕು ಎಂದು ನನಗೆ ಗೊತ್ತಾದದ್ದು ಹೀಗೆ.

ದೊಡ್ಡವರ ಮನೆಯಲ್ಲೂ ಇದೇ ಕಥೆ

2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ಕಂಪನಿಯ ಕಂಪ್ಯೂಟರ್‌ಗಳಿಗೆ ದಾಳಿಕೋರರು ನುಗ್ಗಿದರು. ಆ ದೇಶದ ಪೂರ್ವ ಕರಾವಳಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ ದೊಡ್ಡ ಕೊಳವೆ ಮಾರ್ಗ ಅದು. ಕೆಲವು ದಿನ ಅದನ್ನೇ ನಿಲ್ಲಿಸಬೇಕಾಯಿತು, ಬಂಕ್‌ಗಳ ಮುಂದೆ ಸಾಲು ನಿಂತಿತು. ಕಂಪನಿ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ಕೊಟ್ಟಿತು. ದಾಳಿಕೋರರು ಒಳಬಂದ ದಾರಿ ಯಾವುದು? ಬಳಕೆಯಲ್ಲಿಲ್ಲ ಎಂದು ಎಲ್ಲರೂ ತಿಳಿದಿದ್ದ ಒಂದು ಹಳೆಯ ವಿಪಿಎನ್ ಖಾತೆ. ಹೊರಗಿನಿಂದ ಕಂಪನಿಯ ನೆಟ್‌ವರ್ಕ್‌ಗೆ ಬರುವ ಬಾಗಿಲು ಅದು. ಅದಕ್ಕೆ ಪಾಸ್‌ವರ್ಡ್ ಒಂದೇ ಇತ್ತು, ಮೊಬೈಲ್‌ಗೆ ಬರುವ ಒಟಿಪಿಯಂಥ ಎರಡನೆಯ ಬೀಗ ಇರಲಿಲ್ಲ.

ನಮ್ಮ ದೇಶದ ಉದಾಹರಣೆ ಬೇಕೆಂದರೆ 2018ರ ಫೆಬ್ರವರಿಯಲ್ಲಿ ಹೊರಬಂದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣ ಇದೆ. ಮುಂಬೈನ ಒಂದು ಶಾಖೆಯಿಂದ ವಿದೇಶಿ ಬ್ಯಾಂಕ್ ಶಾಖೆಗಳಿಗೆ ಸುಳ್ಳು ಖಾತರಿ ಸಂದೇಶಗಳು ಹೋಗಿದ್ದವು. ಸಂದೇಶ ಕಳಿಸುವ ಸ್ವಿಫ್ಟ್ ವ್ಯವಸ್ಥೆಗೂ ಬ್ಯಾಂಕಿನ ಲೆಕ್ಕ ಇಡುವ ಕೋರ್ ಬ್ಯಾಂಕಿಂಗ್ ತಂತ್ರಾಂಶಕ್ಕೂ ಜೋಡಣೆ ಇರಲಿಲ್ಲ. ಒಂದರಲ್ಲಿ ಸಾವಿರಾರು ಕೋಟಿಯ ಮಾತು ಹೋಗುತ್ತಿದ್ದರೂ ಇನ್ನೊಂದರಲ್ಲಿ ಒಂದು ಸಾಲೂ ಕಾಣುತ್ತಿರಲಿಲ್ಲ. ನಂತರ ರಿಸರ್ವ್ ಬ್ಯಾಂಕ್ ಇವೆರಡನ್ನೂ ಜೋಡಿಸಲು ಎಲ್ಲ ಬ್ಯಾಂಕುಗಳಿಗೆ ಗಡುವು ಕೊಟ್ಟಿತು. ಅದು ಎಚ್‌ಆರ್ ಜೋಡಣೆಯ ವಿಷಯ ಅಲ್ಲದಿದ್ದರೂ ರೋಗ ಒಂದೇ: ಒಂದು ಪುಸ್ತಕಕ್ಕೆ ಇನ್ನೊಂದು ಪುಸ್ತಕದ ಸುದ್ದಿ ಗೊತ್ತಿಲ್ಲ.

ಬಿಟ್ಟವರಿಗಿಂತ ಬದಲಾದವರು ಕಷ್ಟ

ಬಿಟ್ಟು ಹೋದವರ ಖಾತೆ ಮುಚ್ಚುವುದು ಸುಲಭ ಕೆಲಸ. ನಿಜವಾಗಿ ಕಷ್ಟವಾಗುವುದು ಹುದ್ದೆ ಬದಲಾದವರದ್ದು. ಒಬ್ಬರು ಐದು ವರ್ಷ ಬಿಲ್ ಬರೆಯುವ ಮೇಜಿನಲ್ಲಿದ್ದು ನಂತರ ಬಿಲ್ ಮಂಜೂರು ಮಾಡುವ ಮೇಜಿಗೆ ಬಂದರು ಎನ್ನಿ. ಹೊಸ ಅಧಿಕಾರ ಕೊಡುತ್ತಾರೆ, ಹಳೆಯದನ್ನು "ಇರಲಿ ಬಿಡ್ರಿ, ಬೇಕಾಗ್ತೈತಿ" ಎಂದು ಬಿಡುತ್ತಾರೆ. ಈಗ ತಾವೇ ಬರೆದು ತಾವೇ ಮಂಜೂರು ಮಾಡಬಹುದು. ಬರೆಯುವ ಕೈ, ಒಪ್ಪುವ ಕೈ, ಹಣ ಕೊಡುವ ಕೈ ಬೇರೆ ಬೇರೆ ಇರಬೇಕು ಎಂಬ ಆಂತರಿಕ ತಪಾಸಣೆಯ ನಿಯಮ ಅಲ್ಲಿಗೆ ಮುರಿಯಿತು. ಮೇಲಿನ ಪೋಸ್ಟಿಂಗ್ ತಂತ್ರಾಂಶ ಇದ್ದರೆ ಎಚ್‌ಆರ್‌ನಲ್ಲಿ ಹುದ್ದೆ ಬದಲಾದ ದಿನವೇ ಹಳೆಯದು ಹೋಗುತ್ತದೆ.

ಇದಕ್ಕೆ ಸರ್ಕಾರಿ ಕಚೇರಿಗಳ ಹಳೆಯ ಪದ್ಧತಿಯಲ್ಲಿ ಒಳ್ಳೆಯ ಪಾಠವಿದೆ. ಅಧಿಕಾರಿ ವರ್ಗವಾದಾಗ ಚಾರ್ಜ್ ವಹಿಸಿಕೊಡುತ್ತಾರೆ. ಬೀರುವಿನ ಕೀಲಿ, ಕಡತ, ಸೀಲು ಎಲ್ಲವೂ ಹುದ್ದೆಯದ್ದು, ವ್ಯಕ್ತಿಯದ್ದಲ್ಲ. ಸರ್ಕಾರದ ಇಮೇಲ್‌ನಲ್ಲೂ ಎರಡು ರೀತಿಯ ವಿಳಾಸಗಳಿವೆ: ಒಂದು ಹುದ್ದೆಯ ಹೆಸರಿನದು, ಒಂದು ವ್ಯಕ್ತಿಯ ಹೆಸರಿನದು. ಹುದ್ದೆಯ ವಿಳಾಸ ಮುಂದೆ ಬರುವವರಿಗೆ ಹೋಗುತ್ತದೆ, ಹೆಸರಿನ ವಿಳಾಸ ವ್ಯಕ್ತಿಯ ಜೊತೆ ಇರುತ್ತದೆ. ಆಪಾಳ ವಿಷಯದಲ್ಲಿ ಆದ ಎಡವಟ್ಟು ಇಲ್ಲೇ ಇದೆ. ಅವಳ ಹೆಸರಿನ ಐಡಿಯನ್ನು ಹುದ್ದೆಯ ಐಡಿಯ ಹಾಗೆ ಕೈಯಿಂದ ಕೈಗೆ ದಾಟಿಸಿದರು.

ಹೆಸರು ನಂಬಿದರೆ ಕೆಟ್ಟೆವು

ಎರಡು ಪಟ್ಟಿ ಜೋಡಿಸುವಾಗ ಯಾರು ಯಾರು ಎಂದು ಗುರುತಿಸುವುದು ಹೇಗೆ? ಹೆಸರಿನಿಂದ ಎಂದರೆ ನಮ್ಮ ಮನೆಗಳಲ್ಲಿ ಎಲ್ಲರೂ ನಕ್ಕುಬಿಡುತ್ತಾರೆ. ಒಬ್ಬನೇ ಹುಡುಗ ಆಧಾರ್‌ನಲ್ಲಿ ಮೊಹಮ್ಮದ್ ಗೌಸ್, ಮಾರ್ಕ್ಸ್ ಕಾರ್ಡಿನಲ್ಲಿ ಮಹಮ್ಮದಗೌಸ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎಂ.ಡಿ. ಗೌಸ್. ಉರ್ದುವಿನಲ್ಲಿ ಒಂದೇ ರೀತಿ ಬರೆಯುವ ಹೆಸರು ಕನ್ನಡಕ್ಕೆ, ಇಂಗ್ಲಿಷ್‌ಗೆ ಬರುವಷ್ಟರಲ್ಲಿ ಮೂರಾಗುತ್ತದೆ. ಹುಡುಗಿಯರದ್ದು ಇನ್ನೂ ಕಷ್ಟ: ಬೇಗಂ, ಬಾನು, ಬಿ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಸ್ಕಾಲರ್‌ಶಿಪ್ ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ಬರುವುದರಿಂದ ಹೆಸರು ಹೊಂದದೆ ಸೈಬರ್ ಸೆಂಟರ್‌ಗೆ ಅಲೆದವರು ನಮ್ಮ ತರಗತಿಯಲ್ಲೇ ಇದ್ದಾರೆ. ತಿರುಗಿ ನೋಡಿದರೆ, ಒಂದೇ ಹೆಸರಿನ ಇಬ್ಬರೂ ಇರುತ್ತಾರೆ.

ಯಂತ್ರಕ್ಕೆ ಇದರಲ್ಲಿ ವಿವೇಚನೆ ಇಲ್ಲ. ಒಬ್ಬರನ್ನು ಇಬ್ಬರು ಎಂದುಕೊಂಡರೆ ಎರಡು ಖಾತೆ ತೆರೆಯುತ್ತದೆ. ನಂತರ ಒಂದು ಮುಚ್ಚಿದರೂ ಇನ್ನೊಂದು ಬದುಕಿರುತ್ತದೆ. ಇಬ್ಬರನ್ನು ಒಬ್ಬರೆಂದುಕೊಂಡರೆ ಕೆಲಸ ಬಿಟ್ಟವರ ಬದಲು ಕೆಲಸದಲ್ಲಿರುವವರ ಖಾತೆ ಬಂದ್ ಆಗುತ್ತದೆ. ಆದ್ದರಿಂದ ಜೋಡಣೆಗೆ ಹೆಸರು ಬಳಸಬಾರದು, ಬದಲಾಗದ ಒಂದು ಸಂಖ್ಯೆ ಬಳಸಬೇಕು. ನಮಗೆ ಸ್ಯಾಟ್ಸ್ ನಂಬರ್ ಇದ್ದ ಹಾಗೆ ರಾಜ್ಯ ಸರ್ಕಾರಿ ನೌಕರರಿಗೆ ಕೆಜಿಐಡಿ ಸಂಖ್ಯೆ ಇದೆ, ಕಂಪನಿಗಳಲ್ಲಿ ಎಂಪ್ಲಾಯಿ ನಂಬರ್ ಇರುತ್ತದೆ. ಬಿಟ್ಟು ಹೋದವರ ಸಂಖ್ಯೆಯನ್ನು ಇನ್ನೊಬ್ಬರಿಗೆ ಮತ್ತೆ ಕೊಡಬಾರದು ಎಂಬುದೂ ನಿಯಮ.

ಅಳಿಸಬೇಡಿ, ಅಮಾನತಿನಲ್ಲಿಡಿ

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಇನ್ನೊಬ್ಬರದ್ದನ್ನು ನಾವು ಕಾಪಾಡಿ ಹಿಂದಿರುಗಿಸಬೇಕಾದದ್ದು. ಕನ್ನಡ ಪತ್ರಿಕೆಯಲ್ಲಿ "ಅಧಿಕಾರಿ ಅಮಾನತು" ಎಂದು ಮೊದಲ ಸಲ ಓದಿದಾಗ ನನಗೆ ವಿಚಿತ್ರ ಎನಿಸಿತ್ತು. ಅಕೌಂಟೆನ್ಸಿಯಲ್ಲಿ ಅಮಾನತು ಖಾತೆ, ಅಂದರೆ ಸಸ್ಪೆನ್ಸ್ ಅಕೌಂಟ್ ಓದಿದ ಮೇಲೆ ಎರಡೂ ಅರ್ಥ ಕೂಡಿ ಬಂದವು. ಎಲ್ಲಿಗೆ ಸೇರಬೇಕು ಎಂದು ತೀರ್ಮಾನ ಆಗುವವರೆಗೆ ಸುರಕ್ಷಿತವಾಗಿ ಬದಿಗಿಡುವುದು.

ಕೆಲಸ ಬಿಟ್ಟವರ ನೆಟ್‌ವರ್ಕ್ ಖಾತೆಗೂ ಮಾಡಬೇಕಾದದ್ದು ಇದನ್ನೇ. ಕೊನೆಯ ದಿನವೇ ಅದನ್ನು ಅಳಿಸಿಹಾಕಿದರೆ ಅವರು ಬರೆದ ಕಡತ, ಬಂದ ಪತ್ರ, ಮಾಡಿದ ಕೆಲಸದ ಗುರುತು ಎಲ್ಲವೂ ಹೋಗಬಹುದು. ನಾಳೆ ತನಿಖೆ ಬಂದರೆ ಸಾಕ್ಷಿ ಇರುವುದಿಲ್ಲ. ಆದ್ದರಿಂದ ಮೊದಲು ಖಾತೆ ಅಮಾನತು: ಯಾರೂ ಒಳಹೋಗಲು ಆಗುವುದಿಲ್ಲ, ಆದರೆ ಒಳಗಿನದು ಹಾಗೆಯೇ ಇರುತ್ತದೆ. ಸಂಸ್ಥೆ ಗೊತ್ತುಮಾಡಿದ ಅವಧಿ ಮುಗಿದ ಮೇಲೆ ಅಳಿಸಬಹುದು. ಎಚ್‌ಆರ್‌ನಲ್ಲಿ ದಿನಾಂಕ ತಪ್ಪಾಗಿ ಬರೆದು ಕೆಲಸದಲ್ಲಿರುವವರೇ ಹೊರಗೆ ಬಿದ್ದರೆ ಅಮಾನತು ತೆಗೆದು ಹತ್ತು ನಿಮಿಷದಲ್ಲಿ ಸರಿಮಾಡಬಹುದು.

ಇದು ಮುಖ್ಯ, ಏಕೆಂದರೆ ಯಂತ್ರ ತಪ್ಪನ್ನೂ ವೇಗವಾಗಿ ಮಾಡುತ್ತದೆ. ಗುಮಾಸ್ತರು ತಪ್ಪಿದರೆ ಒಂದು ಖಾತೆ ಹೋಗುತ್ತದೆ. ಎಚ್‌ಆರ್‌ನಿಂದ ಖಾಲಿ ಪಟ್ಟಿ ಬಂದರೆ ಯಂತ್ರ ಎಲ್ಲರೂ ಕೆಲಸ ಬಿಟ್ಟರು ಎಂದುಕೊಂಡು ಇಡೀ ಕಚೇರಿಯನ್ನೇ ಹೊರಗೆ ಹಾಕಬಹುದು. ಅದಕ್ಕೆ ಒಂದು ತಡೆ ಇಡುತ್ತಾರೆ: ಒಂದೇ ಸಲ ಇಷ್ಟಕ್ಕಿಂತ ಹೆಚ್ಚು ಖಾತೆ ಮುಚ್ಚುವ ಸಂದರ್ಭ ಬಂದರೆ ನಿಲ್ಲು, ಮನುಷ್ಯರನ್ನು ಕೇಳು.

ಪಟ್ಟಿಯಲ್ಲೇ ಇಲ್ಲದವರು

ಇನ್ನೊಂದು ತೊಡಕು ನಮ್ಮ ಊರುಗಳಲ್ಲಿ ಹೆಚ್ಚು. ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್‌ಗಳು, ದಿನಗೂಲಿಯವರು, ತಾತ್ಕಾಲಿಕ ಸಿಬ್ಬಂದಿ ಅನೇಕ ಕಡೆ ಕಂಪ್ಯೂಟರಿನ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತಾರೆ. ಆದರೆ ಅವರ ಸಂಬಳ ಏಜೆನ್ಸಿಯಿಂದ ಬರುವುದರಿಂದ ಕಚೇರಿಯ ಎಚ್‌ಆರ್ ದಾಖಲೆಯಲ್ಲಿ ಅವರ ಹೆಸರೇ ಇರುವುದಿಲ್ಲ. ಕಿರ್ದಿಯಲ್ಲೇ ಇಲ್ಲದವರನ್ನು ಖತಾವಣಿಗೆ ಹಾಕುವುದು ಹೇಗೆ? ಆಗ ಯಾರದೋ ಐಡಿಯಲ್ಲಿ ಕೂತು ಕೆಲಸ ಮಾಡಿಸುತ್ತಾರೆ. ತಪ್ಪಾದರೆ ಹೊಣೆ ಐಡಿಯವರ ಮೇಲೋ, ಬಡ ಆಪರೇಟರ್ ಮೇಲೋ ಬೀಳುತ್ತದೆ. ಸರಿಯಾದ ದಾರಿ ಎಂದರೆ ಅವರಿಗೂ ಪ್ರತ್ಯೇಕ ಪಟ್ಟಿ, ಅವರದೇ ಐಡಿ, ಮೊದಲೇ ಬರೆದಿಟ್ಟ ಕೊನೆಯ ದಿನಾಂಕ. ಗುತ್ತಿಗೆ ಮುಂದುವರಿದರೆ ದಿನಾಂಕ ಮುಂದೂಡಬೇಕು, ಇಲ್ಲವಾದರೆ ಖಾತೆ ತಾನೇ ನಿಲ್ಲಬೇಕು.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ಮೆಣಸಿನಕಾಯಿ ಇಂದು ಇ-ಟೆಂಡರ್‌ನಲ್ಲಿ ಮಾರಾಟವಾಗುತ್ತದೆ. ರೈತರ ಪ್ರತಿ ಲಾಟ್‌ಗೆ ಸಂಖ್ಯೆ ಇರುತ್ತದೆ, ಲೈಸೆನ್ಸ್ ಇರುವ ಖರೀದಿದಾರರು ತಮ್ಮ ಲಾಗಿನ್‌ನಿಂದ ದರ ಹಾಕುತ್ತಾರೆ, ಹೆಚ್ಚು ದರ ಹಾಕಿದವರಿಗೆ ಲಾಟ್. ಇಲ್ಲಿ ಕಿರ್ದಿ ಎಂದರೆ ಲೈಸೆನ್ಸ್ ಪುಸ್ತಕ. ಲೈಸೆನ್ಸ್ ಮುಗಿದವರ ಲಾಗಿನ್ ಅದೇ ದಿನ ನಿಲ್ಲಬೇಕು. ಇಲ್ಲದಿದ್ದರೆ ಹೆಸರು ಒಬ್ಬರದ್ದು, ದರ ಇನ್ನೊಬ್ಬರದ್ದು ಆಗಿ, ರೊಕ್ಕ ಕೊಡುವಾಗ ಯಾರೂ ಸಿಗದೆ ರೈತ ಕಷ್ಟಕ್ಕೆ ಬೀಳಬಹುದು.

ಸಾಫ್ಟ್‌ವೇರ್ ಇಲ್ಲದ ಕಡೆ ಏನು ಮಾಡುವುದು?

ಹಾವೇರಿ, ರಾಣೆಬೆನ್ನೂರಿನ ಹತ್ತು ಹದಿನೈದು ಜನರ ಸಂಸ್ಥೆಗಳಿಗೆ ದೊಡ್ಡ ಜೋಡಣೆಯ ತಂತ್ರಾಂಶ ಬೇಕಿಲ್ಲ. ನಾವು ಪ್ರಥಮ ಪಿಯುಸಿಯಲ್ಲಿ ಕಲಿತ ಬ್ಯಾಂಕ್ ರಿಕನ್ಸಿಲಿಯೇಶನ್ ಸಾಕು. ಅಲ್ಲಿ ನಗದು ಪುಸ್ತಕ ಮತ್ತು ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಹುಡುಕುತ್ತೇವೆ. ಇಲ್ಲಿ ಈ ತಿಂಗಳ ಸಂಬಳದ ಪಟ್ಟಿ ಮತ್ತು ಯೂಸರ್ ಐಡಿಗಳ ಪಟ್ಟಿ ಪಕ್ಕಪಕ್ಕ ಇಡಬೇಕು.

ಸಂಬಳದಲ್ಲಿ ಇದ್ದು ಐಡಿ ಇಲ್ಲದವರು ಕಂಡರೆ, ಅವರು ಯಾರ ಐಡಿಯಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಬೇಕು. ಐಡಿ ಇದ್ದು ಸಂಬಳದಲ್ಲಿ ಇಲ್ಲದವರು ಕಂಡರೆ ಅದು ವಾರಸುದಾರರಿಲ್ಲದ ಖಾತೆ, ಅದೇ ದಿನ ಅಮಾನತು. ಎರಡರಲ್ಲೂ ಇರುವವರ ಅಧಿಕಾರ ಈಗಿನ ಹುದ್ದೆಗೆ ಹೊಂದುತ್ತದೆಯೇ ಎಂದು ನೋಡಬೇಕು. ತಿಂಗಳಿಗೆ ಅರ್ಧ ಗಂಟೆಯ ಕೆಲಸ. ಕಾಮರ್ಸ್ ಓದಿದ ಯಾರೂ ಮಾಡಬಹುದು.

ಕಾನೂನೂ ಇದನ್ನು ಹಗುರವಾಗಿ ನೋಡುವುದಿಲ್ಲ. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರಿನ ಒಳಹೋಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿಗೆ ಬರುತ್ತದೆ. ಮೋಸದ ಉದ್ದೇಶವಿದ್ದರೆ 66ನೇ ಕಲಮಿನಡಿ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕೆಲಸ ಬಿಟ್ಟ ಮೇಲೆ "ನನ್ನ ಪಾಸ್‌ವರ್ಡ್ ಇನ್ನೂ ನಡೀತದೆ" ಎಂದು ಕುತೂಹಲಕ್ಕೂ ಒಳಹೋಗಬಾರದು. ಬಾಗಿಲು ತೆರೆದಿದೆ ಎಂದರೆ ಅನುಮತಿ ಇದೆ ಎಂದಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು.

ಗೆಳೆಯರೆ, ನಮ್ಮಲ್ಲಿ ಅನೇಕರು ಇನ್ನು ಒಂದೆರಡು ವರ್ಷದಲ್ಲಿ ಓದಿನ ಜೊತೆಗೇ ಅಂಗಡಿ, ಬ್ಯಾಂಕ್, ಬೀಜ ಕಂಪನಿ, ಆಡಿಟರ್ ಕಚೇರಿಗಳಲ್ಲಿ ಕೆಲಸಕ್ಕೆ ಹೋಗುವವರು. ಮೊದಲ ದಿನ ನಿಮ್ಮದೇ ಹೆಸರಿನ ಐಡಿ ಕೇಳಿ ಪಡೆಯಿರಿ, ಹಿಂದಿನವರದ್ದು ಕೊಟ್ಟರೆ ವಿನಯದಿಂದ ಬೇಡ ಎನ್ನಿ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಬಿಡುವ ದಿನ ರಿಲೀವಿಂಗ್ ಲೆಟರ್ ತೆಗೆದುಕೊಳ್ಳಿ, "ನನ್ನ ಎಲ್ಲ ಲಾಗಿನ್ ಮುಚ್ಚಿದ ಬಗ್ಗೆ ಬರೆದುಕೊಡಿ" ಎಂದು ಅರ್ಜಿ ಕೊಟ್ಟು ಅದರ ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಆ ಎರಡು ಕಾಗದಗಳನ್ನು ಮಾರ್ಕ್ಸ್ ಕಾರ್ಡುಗಳ ಜೊತೆಯಲ್ಲೇ ಇಡಿ.